ಉಳಿಸಿದ ಏಳು ನಿಮಿಷ ಯಾರದ್ದು?

ಲಾಂಗ್ ವೀಕೆಂಡ್ ಹತ್ತಿರ ಬಂತೆಂದರೆ ಆಫೀಸಿನಲ್ಲಿ ನನಗೆ ದಿಢೀರ್ ಬೇಡಿಕೆ. ಊರು ಪೆರ್ಡೂರು ಅಂತ ಎಲ್ಲರಿಗೂ ಗೊತ್ತಲ್ಲ, ಉಡುಪಿ ಕಡೆ ಹೊರಟವರೆಲ್ಲ ಫೋನು ಹಿಡಿದು ಬರುತ್ತಾರೆ. ಮೊನ್ನೆ ಬಂದವನದ್ದು ನಲವತ್ತು ಜನರ ಟೀಮ್ ಔಟಿಂಗ್, ಒಂದು ದೊಡ್ಡ ಬಸ್ಸು. “ಶೃಂಗೇರಿ ಮುಗಿಸಿ ಉಡುಪಿಗೆ ಇಳೀಬೇಕು ಗುರೂ. ಕಾರ್ಕಳದ ಮೇಲೆ ಹೋಗೋದಕ್ಕಿಂತ ಆಗುಂಬೆ ಏಳು ನಿಮಿಷ ಕಮ್ಮಿ ತೋರಿಸ್ತಿದೆ. ಅದೇ ಫೈನಲ್ ಮಾಡಿದ್ದೀನಿ.”

ಆ ‘ಫೈನಲ್’ ಅನ್ನುವ ಮಾತಿನ ಮೇಲೆಯೇ ನನ್ನ ತಕರಾರು. ಅವನು ದಾರಿ ಆರಿಸಲಿಲ್ಲ. ಮ್ಯಾಪ್ ಆರಿಸಿದ್ದಕ್ಕೆ ಇವನು ಸಹಿ ಹಾಕಿದ, ಅಷ್ಟೆ.

ಏಳು ನಿಮಿಷ ಅಂದರೆ ಏನು ನೋಡೋಣ. ಮಲ್ಪೆಯಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 169ಎ ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ ದಾಟಿ ಸೋಮೇಶ್ವರದಲ್ಲಿ ಘಾಟಿ ಹತ್ತುತ್ತದೆ. ಆಗುಂಬೆ ಮುಟ್ಟುವಷ್ಟರಲ್ಲಿ 14 ಹೇರ್‌ಪಿನ್ ತಿರುವು. ದೊಡ್ಡ ಬಸ್ಸು ಅಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಮುಂದೆ ಬಂದು, ಹಿಂದೆ ಸರಿದು, ಕ್ಲೀನರ್ ಇಳಿದು ಸೀಟಿ ಊದಿ ಮತ್ತೆ ಮುಂದೆ ಬರಬೇಕು. ಅಲ್ಲಿಯವರೆಗೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಆ ಸಾಲಿನಲ್ಲಿ ಆಂಬುಲೆನ್ಸೂ ಇರುತ್ತದೆ ಅನ್ನುವುದು ಬೆಂಗಳೂರಿನಿಂದ ಬರುವವರಿಗೆ ಗೊತ್ತಿರುವುದಿಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರಿಗೆ ಹಾರ್ಟ್ ಅಟ್ಯಾಕ್ ಆಗಲಿ, ಹೆರಿಗೆ ಕಷ್ಟವಾಗಲಿ, ‘ಮಣಿಪಾಲಕ್ಕೆ ಕರ್ಕೊಂಡು ಹೋಗಿ’ ಅನ್ನುತ್ತಾರೆ. ಮಣಿಪಾಲಕ್ಕೆ ಹೋಗುವ ದಾರಿ ಇದೇ. ನಮಗೆ ಸೀನಿಕ್ ಡ್ರೈವ್, ಅವರಿಗೆ ಆಸ್ಪತ್ರೆಯ ದಾರಿ. ನಲವತ್ತು ಜನ ಉಳಿಸಿದ ಏಳು ನಿಮಿಷವನ್ನು ಕೊಟ್ಟವರು ಯಾರು ಅಂತ ಈಗ ಲೆಕ್ಕ ಹಾಕಿ.

“ಅಲ್ಗಾರಿದಮ್ ತಪ್ಪು ಮಾಡುತ್ತಾ?” ಅಂತ ಸಾಫ್ಟ್‌ವೇರ್ ಗೆಳೆಯರು ಕೇಳುತ್ತಾರೆ. ಇಲ್ಲ ಮಾರಾಯ್ರೆ, ಅದು ಲೆಕ್ಕ ಸರಿಯಾಗಿಯೇ ಮಾಡುತ್ತದೆ. ಕಾಲೇಜಿನಲ್ಲಿ ನಾವೆಲ್ಲ ಉರು ಹೊಡೆದ ಡೈಕ್‌ಸ್ಟ್ರಾ ಅಲ್ಗಾರಿದಮ್ ನೆನಪಿದೆಯಾ? ಡೈಕ್‌ಸ್ಟ್ರಾ ಅದನ್ನು ಯೋಚಿಸಿದ್ದು 1956ರಲ್ಲಿ, ಪ್ರಕಟಿಸಿದ್ದು 1959ರಲ್ಲಿ. ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆಂದು ನೆದರ್ಲೆಂಡ್ಸಿನ 64 ಊರುಗಳ ನಡುವೆ ಹತ್ತಿರದ ದಾರಿ ಹುಡುಕಿಸಿದ್ದರು. ಪ್ರತಿ ರಸ್ತೆಗೂ ಒಂದು ತೂಕ ಕೊಡು, ತೂಕ ಕಡಿಮೆ ಇರುವ ದಾರಿ ಹುಡುಕು. ಇವತ್ತಿನ ಮ್ಯಾಪ್‌ಗಳು ಎಷ್ಟೇ ಬೆಳೆದಿದ್ದರೂ ಬುಡದಲ್ಲಿರುವ ಯೋಚನೆ ಅದೇ. ತೂಕ ಏನು ಅನ್ನುವುದನ್ನು ಅಲ್ಗಾರಿದಮ್ ಹೇಳುವುದಿಲ್ಲ, ಅದು ಮನುಷ್ಯರು ಮಾಡಿದ ಆಯ್ಕೆ. ಅವರು ನಿಮಿಷವನ್ನು ಆರಿಸಿದರು. ತಿರುವಿಗೆ ತೂಕವಿಲ್ಲ, ಆಂಬುಲೆನ್ಸಿಗೆ ತೂಕವಿಲ್ಲ, ನಿಮ್ಮ ಗಾಡಿ ಆಲ್ಟೋನೋ ಬಸ್ಸೋ ಎಂಬುದಕ್ಕೂ ತೂಕವಿಲ್ಲ. ಮಾಡಲು ಬರುವುದಿಲ್ಲವೆಂದೂ ಅಲ್ಲ. 2017ರಲ್ಲಿ ಗೂಗಲ್ ಭಾರತದ ಬೈಕ್ ಸವಾರರಿಗೆಂದೇ ಬೇರೆ ಮೋಡ್ ಕೊಟ್ಟಿತಲ್ಲ. ಟೂರಿಸ್ಟ್ ಬಸ್ಸಿನ ಡ್ರೈವರಿಗೆ ಮಾತ್ರ ಇವತ್ತಿಗೂ ಕಾರಿನ ಗೆರೆಯೇ ಗತಿ.

ಕಂಪನಿಯನ್ನಷ್ಟೇ ಬೈದರೆ ಸರ್ಕಾರ ಆರಾಮಾಗಿ ತಪ್ಪಿಸಿಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಗುಡ್ಡ ಜರಿದರೆ ಜಿಲ್ಲಾಧಿಕಾರಿಗಳು ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ನಿನಡಿ ಭಾರೀ ವಾಹನ ನಿಷೇಧಿಸಿ, ಬದಲಿ ದಾರಿಯನ್ನೂ ಬರೆದು ಆದೇಶ ಹೊರಡಿಸುತ್ತಾರೆ. ಆದೇಶ ಎಲ್ಲಿ ಬರುತ್ತದೆ? ಸೀಲು ಹೊಡೆದ ಹಾಳೆಯ ಫೋಟೊ ಆಗಿ ವಾಟ್ಸ್ಆ್ಯಪಿನಲ್ಲಿ, ಮರುದಿನ ಪೇಪರಿನ ಜಿಲ್ಲಾ ಪುಟದಲ್ಲಿ. ಹೊಸೂರು ರೋಡಿನಿಂದ ಹೊರಟ ಡ್ರೈವರ್ ಉಡುಪಿಯ ಜಿಲ್ಲಾ ಪುಟ ಓದುತ್ತಾನಾ? ಘಾಟಿಯ ತನಕ ಬಂದು, ಬ್ಯಾರಿಕೇಡ್ ನೋಡಿ, ಪೊಲೀಸಿನವರ ಹತ್ತಿರ ಜಗಳ ಮಾಡುತ್ತಾನೆ. ಶಿರಾಡಿ 2018ರಲ್ಲಿ ಕಾಂಕ್ರೀಟ್ ಕೆಲಸಕ್ಕೆ ತಿಂಗಳುಗಟ್ಟಲೆ ಮುಚ್ಚಿತ್ತು, ತೆರೆದ ಕೆಲವೇ ವಾರಗಳಲ್ಲಿ ಗುಡ್ಡ ಕುಸಿಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಘಾಟಿ ಮುಚ್ಚುವುದು ನಮ್ಮಲ್ಲಿ ಆಕಸ್ಮಿಕವೇ ಅಲ್ಲ, ಅದೊಂದು ಋತು. ರಸ್ತೆ ಮುಚ್ಚಿದ ಮಾಹಿತಿಯನ್ನು ಆಡಳಿತಗಳು ನೇರವಾಗಿ ಮ್ಯಾಪಿಗೆ ತಲುಪಿಸುವ ವ್ಯವಸ್ಥೆಯನ್ನು ವೇಜ್ ಶುರು ಮಾಡಿದ್ದು 2014ರಲ್ಲಿ. ಬೆಂಗಳೂರಿನ ಸಿಗ್ನಲ್‌ಗಳ ಸಮಯ ಸರಿಪಡಿಸಲು 2022ರಲ್ಲಿ ಗೂಗಲ್ಲೂ ಟ್ರಾಫಿಕ್ ಪೊಲೀಸರೂ ಕೈಜೋಡಿಸಿದರು. ಸಿಗ್ನಲ್‌ಗೆ ಅಷ್ಟು ಮರ್ಯಾದೆ, ಘಾಟಿಗೆ ವಾಟ್ಸ್ಆ್ಯಪ್ ಫೋಟೊ!

ಇನ್ನು ಕೆಳಗಿನ ಕತೆ. ಸಿಂಹ ಸಂಕ್ರಮಣಕ್ಕೆ ಪೆರ್ಡೂರಿನ ಅನಂತಪದ್ಮನಾಭ ದೇವಸ್ಥಾನದಲ್ಲಿ ಮದುಮಕ್ಕಳ ಜಾತ್ರೆ. ಆಟಿ ತಿಂಗಳು ಮುಗಿಸಿದ ಹೊಸ ಜೋಡಿಗಳೆಲ್ಲ ಅವತ್ತು ಇಲ್ಲೇ. ಪೇಟೆ ತುಂಬಿ ಗೆರೆ ಕೆಂಪಾದರೆ ಮ್ಯಾಪು ಸುಮ್ಮನಿರುವುದಿಲ್ಲ, ಒಳದಾರಿ ಹುಡುಕುತ್ತದೆ. ಬಯಲುಸೀಮೆಯ ಹಾಗೆ ನಮ್ಮಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ, ಒಂದೊಂದು ಮನೆಗೆ ಒಂದೊಂದು ದಾರಿ. ಮ್ಯಾಪಿನಲ್ಲಿ ಅದೂ ಗೆರೆ, ಇದೂ ಗೆರೆ. ಎಷ್ಟೋ ದಾರಿ ಅಂಗಳದಲ್ಲೇ ಮುಗಿಯುತ್ತವೆ. ನನ್ನ ದೊಡ್ಡಮ್ಮ ಅಂಗಳದಲ್ಲಿ ಅಡಿಕೆ ಹರವುತ್ತಾ ಎಷ್ಟು ಕಾರುಗಳನ್ನು ವಾಪಸ್ ಕಳಿಸಿದ್ದಾರೋ! “ರಸ್ತೆ ಇಲ್ಲಿಗೇ ಮುಗೀತದೆ ಮಾರಾಯ್ರೆ, ರಿವರ್ಸ್ ಹಾಕಿ. ಅಡಿಕೆ ಮೇಲೆ ಹತ್ತಿಸ್ಬೇಡಿ.” ಇಳಿದವರು ಸಾರಿ ಹೇಳುವುದು ಅಪರೂಪ. “ಆದ್ರೆ ಮ್ಯಾಪಲ್ಲಿ ತೋರಿಸ್ತಿದೆ ಆಂಟಿ” ಅಂತ ವಾದ ಮಾಡುತ್ತಾರೆ, ಮನೆಯ ಯಜಮಾನ್ತಿಯ ಹತ್ತಿರ, ಅವರದೇ ಅಂಗಳದಲ್ಲಿ.

ಇದು ನಗುವ ಭಾಗ. ಮಳೆಗಾಲದ ರಾತ್ರಿಯಲ್ಲಿ ಇದೇ ಬೇರೆಯಾಗುತ್ತದೆ. 2024ರ ಜೂನಿನಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ, ಕರ್ನಾಟಕದ ಆಸ್ಪತ್ರೆಯೊಂದಕ್ಕೆ ಹೊರಟಿದ್ದ ಇಬ್ಬರು ಯುವಕರು ಮ್ಯಾಪ್ ನೋಡುತ್ತಾ ನಸುಕಿನಲ್ಲಿ ನೀರು ಹರಿಯುತ್ತಿದ್ದ ಸೇತುವೆಗೆ ಇಳಿದರು. ಕಾರು ಹೊಳೆಪಾಲು. ಮರ ಹಿಡಿದುಕೊಂಡಿದ್ದವರನ್ನು ಅಗ್ನಿಶಾಮಕ ದಳದವರು ಎಳೆದು ತಂದರು. ಅದೇ ವರ್ಷ ನವೆಂಬರಿನಲ್ಲಿ ಬರೇಲಿ ಬಳಿ ಅರ್ಧಕ್ಕೆ ನಿಂತ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ನಮ್ಮ ಒಳದಾರಿಗಳಲ್ಲೂ ಕಿಂಡಿ ಅಣೆಕಟ್ಟಿನ ನೆತ್ತಿಯ ಮೇಲೆ ಹೋಗುವಂಥವಿವೆ. ಮೇ ತಿಂಗಳಲ್ಲಿ ಅದು ರಸ್ತೆ, ಜುಲೈಯಲ್ಲಿ ಅದು ಹೊಳೆ.

ಹಾಗಂತ ‘ನಮ್ಮ ಕಾಲದಲ್ಲಿ ಗಾಜು ಇಳಿಸಿ ದಾರಿ ಕೇಳ್ತಿದ್ವಿ’ ಅನ್ನುವ ಹಿರಿಯರ ಪಾರ್ಟಿಗೂ ನಾನು ಸೇರಿದವನಲ್ಲ. ನಮ್ಮೂರಲ್ಲಿ ‘ಇಲ್ಲೇ ಮುಂದೆ’ ಅಂದರೆ ಅರ್ಧ ಕಿಲೋಮೀಟರೂ ಇರಬಹುದು, ಆರೂ ಇರಬಹುದು. ಮ್ಯಾಪ್ ಬೇಕು. ಅದು ಗೆರೆ ಎಳೆಯಲಿ, ದಾರಿ ನಾವು ಆರಿಸೋಣ. ಮೊದಲು ಘಾಟಿ ಯಾವುದು ಅಂತ ತೀರ್ಮಾನಿಸಿ, ಆಮೇಲೆ ಹೋಟೆಲ್. ಹಿಂದಿನ ರಾತ್ರಿ ಲ್ಯಾಪ್‌ಟಾಪಿನಲ್ಲಿ ನಡುವಿನ ಊರುಗಳನ್ನು ನಿಲ್ದಾಣವಾಗಿ ಹಾಕಿದರೆ ಗೆರೆ ಹೆದ್ದಾರಿ ಬಿಟ್ಟು ಕದಲುವುದು ಕಡಿಮೆ. ಆ ಭಾಗದ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ: ಕಾಡಿನಲ್ಲಿ ಉಪಗ್ರಹ ಸಿಗುತ್ತದೆ, ನೆಟ್‌ವರ್ಕ್ ಸಿಗುವುದಿಲ್ಲ. ನೀವು ಎಲ್ಲಿದ್ದೀರಿ ಅಂತ ಫೋನಿಗೆ ತಿಳಿಯುತ್ತದೆ, ಮುಂದೆ ಏನಾಗಿದೆ ಅಂತ ತಿಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಡುವ ಮುಂಚೆ ಆಯಾ ಜಿಲ್ಲೆಯ ಹೆಸರಿನ ಜೊತೆ ‘ಘಾಟಿ ಸಂಚಾರ’ ಅಂತ ಕನ್ನಡದಲ್ಲೇ ಹುಡುಕಿ. ಆದೇಶ ಕನ್ನಡದಲ್ಲಿರುತ್ತದೆ.

ನಲವತ್ತು ಜನರ ಗೆಳೆಯನಿಗೆ ನಾನು ಬರೆದುಕೊಟ್ಟದ್ದು ಇಷ್ಟು: ಶೃಂಗೇರಿ, ಕೆರೆಕಟ್ಟೆ, ಬಜಗೋಳಿ, ಕಾರ್ಕಳ, ಉಡುಪಿ. ಕಾರಿನವರು ಆಗುಂಬೆಯಲ್ಲೇ ಇಳಿಯಿರಿ, ಬೆಳಕಿರುವಾಗ. ಘಾಟಿ ಹತ್ತುತ್ತಿರುವ ಗಾಡಿಗೆ ದಾರಿ ಬಿಡಿ, ತಿರುವಿನಲ್ಲಿ ರೀಲ್ಸ್‌ಗೆ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಿದ್ದರೆ ಪೆರ್ಡೂರಿನಲ್ಲಿ ನಿಲ್ಲಿಸಿ. ನಮ್ಮ ದೇವರಿಗೆ ಬಾಳೆಹಣ್ಣೆಂದರೆ ಇಷ್ಟ, ಬಂದವರಿಗೂ ಸಿಗುತ್ತದೆ.