ಸ್ಕ್ಯಾನಿಂಗ್ ಔಷಧ: ಪರೀಕ್ಷೆ ಎಲ್ಲಿಗೆ ಮುಗಿಯಬೇಕು?

ಮೂಡಿಗೆರೆಯ ರೋಗಿಗಳು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ, ಕಳಸದವರು ಕುದುರೆಮುಖ ದಾಟಿ ಕಾರ್ಕಳದ ಮಾರ್ಗವಾಗಿ ಮಣಿಪಾಲಕ್ಕೆ ಹೋಗುವುದು ಮಲೆನಾಡಿಗೆ ಹೊಸತಲ್ಲ. ಯಕೃತ್ತು, ಮೂತ್ರಪಿಂಡ, ಮೇದೋಜೀರಕ ಗ್ರಂಥಿಗಳ ಚಿತ್ರ ಸ್ಪಷ್ಟವಾಗಿ ಮೂಡಲೆಂದು ಅವರ ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರಾವಣ ನೀಡಲಾಗುತ್ತದೆ. ಸಿಟಿ ಸ್ಕ್ಯಾನ್‌ಗಾದರೆ ಅಯೋಡಿನ್, ಎಂಆರ್‌ಐಗಾದರೆ ಗ್ಯಾಡೋಲಿನಿಯಂ ಆಧಾರಿತ ದ್ರಾವಣ. ರೋಗಿ ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತಾನೆ. ಔಷಧದ ಮೇಲಿನ ನಿಗಾ ಅಲ್ಲಿಗೇ ಮುಗಿಯಬಹುದೇ?

ಮುಗಿಯಬಾರದೆಂಬುದಕ್ಕೆ ಗ್ಯಾಡೋಲಿನಿಯಂನ ಇತಿಹಾಸವೇ ಸಾಕ್ಷಿ. ಅಮೆರಿಕದಲ್ಲಿ ಇಂಥ ಮೊದಲ ಔಷಧಕ್ಕೆ ಅನುಮತಿ ದೊರೆತದ್ದು 1988ರಲ್ಲಿ. ಮೂತ್ರಪಿಂಡ ವೈಫಲ್ಯವುಳ್ಳವರ ಚರ್ಮ ಗಡುಸಾಗಿ ಕೀಲುಗಳು ಬಿಗಿಯುವ ಕಾಯಿಲೆಗೂ ಇದಕ್ಕೂ ಇರುವ ನಂಟು ಬೆಳಕಿಗೆ ಬಂದದ್ದು 2006ರಲ್ಲಿ. ಐರೋಪ್ಯ ಔಷಧ ನಿಯಂತ್ರಣ ಸಂಸ್ಥೆಯು 2017ರಲ್ಲಿ, ಲೋಹವನ್ನು ಸಡಿಲವಾಗಿ ಹಿಡಿದಿಡುವ ರಚನೆಯ ದ್ರಾವಣಗಳ ಪೈಕಿ ಎರಡನ್ನು ಯಕೃತ್ತಿನ ಸ್ಕ್ಯಾನ್‌ಗೆ ಮಾತ್ರ ಉಳಿಸಿಕೊಂಡು, ಉಳಿದವುಗಳನ್ನು ರಕ್ತನಾಳಕ್ಕೆ ನೀಡದಂತೆ ತಡೆಯಿತು. ಕೆಲವು ನೂರು ಅಥವಾ ಸಾವಿರ ಮಂದಿಯ ಮೇಲೆ ನಡೆಯುವ ಪ್ರಯೋಗದಲ್ಲಿ ಅಪರೂಪದ ಅಪಾಯ ಕಣ್ಣಿಗೆ ಬೀಳದಿರುವುದು ಸಹಜ.

ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಇದನ್ನು ಬಲ್ಲವು. ಹೊಸ ಔಷಧದ ಸುರಕ್ಷತಾ ವರದಿಯನ್ನು ಮೊದಲೆರಡು ವರ್ಷ ಆರು ತಿಂಗಳಿಗೊಮ್ಮೆ, ಅನಂತರದ ಎರಡು ವರ್ಷ ವರ್ಷಕ್ಕೊಮ್ಮೆ ಸಲ್ಲಿಸಬೇಕು. ಆದರೆ ದೂರು ತಲುಪದಿದ್ದರೆ ವರದಿಯಲ್ಲಿ ಬರುವುದಾದರೂ ಏನು? ಅಯೋಡಿನ್ ದ್ರಾವಣದಿಂದ ಚರ್ಮದ ಮೇಲೆ ದದ್ದು ಕೆಲವು ದಿನಗಳ ಬಳಿಕವೂ ಏಳಬಹುದು. ಮೂತ್ರಪಿಂಡಕ್ಕೆ ತೊಂದರೆಯಾದರೆ ಎರಡು ಮೂರು ದಿನಗಳಲ್ಲಿ ಗೊತ್ತಾಗುತ್ತದೆ. ಅಷ್ಟರಲ್ಲಿ ಕಾರ್ಮಿಕ ತೋಟದ ಲೈನ್ ಮನೆಯಲ್ಲಿರುತ್ತಾನೆ. ತನಗೆ ಕೊಟ್ಟ ದ್ರಾವಣದ ಹೆಸರು ಅವನಿಗೆ ತಿಳಿದಿರದು. ಸಮೀಪದ ವೈದ್ಯರಿಗೆ ಸ್ಕ್ಯಾನಿಂಗ್ ಆದ ಸಂಗತಿಯೇ ತಿಳಿದಿರದು.

ಪರಿಹಾರ ದುಬಾರಿಯದೇನಲ್ಲ. ಸ್ಕ್ಯಾನ್‌ಗೆ ಮುನ್ನ, ಅದರಲ್ಲೂ ಮಧುಮೇಹಿಗಳು ಮತ್ತು ಮೂತ್ರಪಿಂಡದ ತೊಂದರೆ ಇರುವವರಿಗೆ, ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಾಗಬೇಕು. ದ್ರಾವಣದ ಹೆಸರು, ಪ್ರಮಾಣ, ದಿನಾಂಕಗಳಿರುವ ಚೀಟಿಯನ್ನು ರೋಗಿಗೆ ಕೊಟ್ಟು, ಅವನು ಬಲ್ಲ ಭಾಷೆಯಲ್ಲಿ, ಅದು ತುಳುವೋ ತಮಿಳೋ ಆಗಿರಲಿ, ವಿವರಿಸಬೇಕು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ ಸಂಖ್ಯೆ 1800-180-3024 ಆ ಚೀಟಿಯಲ್ಲಿರಬೇಕು. ಆರೋಗ್ಯ ಇಲಾಖೆ ಇದನ್ನು ಕಡ್ಡಾಯಗೊಳಿಸಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಈ ನಿಗಾದಲ್ಲಿ ಪಾಲುದಾರರಾಗುತ್ತಾರೆ. ಘಾಟಿಯ ಮೇಲಿನವರಿಗಾದ ತೊಂದರೆ ಲೆಕ್ಕಕ್ಕೇ ಸಿಗದಿದ್ದರೆ, ಔಷಧ ಸುರಕ್ಷಿತವೆಂಬ ಮಾತು ಅವರ ಮಟ್ಟಿಗೆ ಕೇವಲ ಊಹೆಯಾಗಿಯೇ ಉಳಿಯುತ್ತದೆ.