ಮೂತಿ ತಗ್ಗಿದ ಗಾಡಿ

ಬೆಳ್ತಂಗಡಿಯ ಸಮೀಪದ ಗೃಹಸ್ಥರೊಬ್ಬರು ನಮಗೆ ಬರೆದಿರುವರು. ಅಡಿಕೆ, ತೆಂಗು ಸಾಗಿಸುವುದಕ್ಕಾಗಿ ಸಾಲವೆತ್ತಿ ಪಿಕಪ್ ಗಾಡಿಯೊಂದನ್ನು ಕೊಂಡರಂತೆ. ಈಗ ಮಗನು, ಗಾಡಿಯ ಮೂತಿ ತಗ್ಗಾಗಿದೆ, ಅದನ್ನೆತ್ತಿಸಿ ದೊಡ್ಡ ಚಕ್ರ ಹಾಕಿಸಬೇಕೆಂದು ಹಟ ಹಿಡಿದಿದ್ದಾನೆ. ಊಟಕ್ಕೆ ಕುಳಿತರೂ ಅದೇ ಮಾತು. ಹಾಕಿಸಬಹುದೇ ಎಂಬುದು ಅವರ ಪ್ರಶ್ನೆ.

ಬರಿದಾದ ಪಿಕಪ್ಪಿನ ಹಿಂಭಾಗವು ಎತ್ತರವಾಗಿರುವುದು ತಯಾರಕರ ಅನವಧಾನದಿಂದಲ್ಲ. ಹೊರೆ ಬಿದ್ದಾಗ ಹಿಂದಿನ ಸ್ಪ್ರಿಂಗುಗಳು ಕುಗ್ಗಿ ಗಾಡಿಯು ಸಮವಾಗಲೆಂದೇ ಹಾಗೆ ಮಾಡಿರುತ್ತಾರೆ. ಹಿಂದೆ ಗಾಡಿ ಹೊಡೆಯುವವರು ನೊಗವು ಎತ್ತಿನ ಹೆಗಲನ್ನು ಒತ್ತದಂತೆಯೂ ಮೇಲಕ್ಕೇಳದಂತೆಯೂ ಮೂಟೆಗಳನ್ನು ಹಿಂದುಮುಂದು ಸರಿಸುತ್ತಿದ್ದರು. ಆ ಲೆಕ್ಕಾಚಾರವನ್ನೇ ಇಲ್ಲಿ ಉಕ್ಕಿನಲ್ಲಿ ಅಡಗಿಸಿಟ್ಟಿದೆ. ಅಮೆರಿಕದಲ್ಲಿ ಪಿಕಪ್ಪನ್ನು ಬರಿದಾಗಿಯೇ ಓಡಿಸುವವರು ಬಹಳ. ಮುಂಭಾಗದ ಸ್ಪ್ರಿಂಗಿನ ಮೇಲೆ ಬಿಲ್ಲೆಯನ್ನಿಟ್ಟು ಒಂದೆರಡು ಅಂಗುಲ ಎತ್ತುವ 'ಲೆವೆಲಿಂಗ್ ಕಿಟ್' ಅಲ್ಲಿಯ ಅಭಿರುಚಿಗೆ ಒಪ್ಪುತ್ತದೆ. ಹೊರೆ ಹೊರಬೇಕಾದ ಗಾಡಿಗೆ ಅದನ್ನು ಹಾಕಿದರೆ, ಮೂಟೆಗಳು ಬಿದ್ದೊಡನೆ ಹಿಂಭಾಗ ಕುಸಿದು ಮೂತಿ ಆಕಾಶವನ್ನು ನೋಡುತ್ತದೆ. ಅದರೊಡನೆ ದೀಪಗಳೂ ಮೇಲಕ್ಕೇಳುತ್ತವೆ. ಬಂಟ್ವಾಳದಿಂದ ಬೆಳ್ತಂಗಡಿಗೆ ರಾತ್ರಿ ಬರುವಾಗ ಎದುರಿನವನ ಕಣ್ಣು ಕುಕ್ಕುವುದು ಆ ಬೆಳಕೇ. ಮುಂಚಕ್ರಗಳ ಕೀಲುಗಳ ಕೋನವೂ ಕೆಡುವುದರಿಂದ ಟೈರುಗಳು ಒಂದೇ ಪಕ್ಕಕ್ಕೆ ಸವೆಯುತ್ತವೆ.

ತೋಟದ ದಾರಿಯಲ್ಲಿ ಕಲ್ಲು ತಗಲುತ್ತದೆಂಬುದು ಹುಡುಗನ ವಾದ. ಸಕಾರಣವೇ. ಆದರೆ ಕಲ್ಲಿಗೆ ಮೊದಲು ತಗಲುವುದು ಹಿಂದಿನ ಅಚ್ಚಿನ ನಡುವಿನ ಗುಂಡು ಭಾಗ. ಕಿಟ್ಟಿನಿಂದ ಅದು ಕೂದಲೆಳೆಯಷ್ಟೂ ಏಳುವುದಿಲ್ಲ. ಅದನ್ನು ಎತ್ತುವುದು ಟೈರು ಮಾತ್ರ. ಅದಾದರೂ ಎಷ್ಟು? 215/75 ಆರ್ 15 ಎಂದು ಬರೆದ ಟೈರಿನ ಅಗಲ 215 ಮಿಲಿಮೀಟರು, ಪಕ್ಕದ ಎತ್ತರ ಅದರ ನೂರಕ್ಕೆ 75 ಪಾಲು, ಒಳಗಿನ ರಿಮ್ಮು 15 ಅಂಗುಲ. ಒಟ್ಟು ವ್ಯಾಸ ಸುಮಾರು 703 ಮಿಲಿಮೀಟರು. 235/75 ಆರ್ 15 ಹಾಕಿದರೆ 733. ವ್ಯಾಸದಲ್ಲಿ 30 ಹೆಚ್ಚಿದರೆ ಅಚ್ಚು ಏಳುವುದು ಅದರರ್ಧ, 15 ಮಿಲಿಮೀಟರು, ಒಂದು ಬೆರಳಗಲ! ಇಷ್ಟಕ್ಕಾಗಿ ಮೀಟರು 60 ತೋರಿಸುವಾಗ ಗಾಡಿ 62ಕ್ಕೂ ಮಿಕ್ಕಿ ಓಡುತ್ತಿರುತ್ತದೆ, ಬ್ರೇಕಿಗೆ ಶ್ರಮ ಹೆಚ್ಚುತ್ತದೆ. ಚಕ್ರವು ಮಡ್‌ಗಾರ್ಡಿನಿಂದ ಹೊರಚಾಚಿದರಂತೂ ಬೇರಿಂಗಿಗೆ ಭಾರ, ಹಿಂದೆ ಬರುವವರಿಗೆ ಕೆಸರು.

ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿಯುವಾಗ ಹೊರೆಯ ಗುರುತ್ವಕೇಂದ್ರವು ಎತ್ತರದಲ್ಲಿದ್ದಷ್ಟೂ ಗಾಡಿ ಹೊರಮಗ್ಗುಲಿಗೆ ವಾಲುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಕುಸಿದು ಮುಚ್ಚಿದ್ದ ದಾರಿಯದು. ಅಲ್ಲಿ ಮಂಜು, ಜಾರು, ಕಮರಿ ಮೂರೂ ಉಂಟು.

ಇನ್ನು ಕಾನೂನು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮಿನಂತೆ, ತಯಾರಕರು ಮೊದಲು ನಿಗದಿಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಮೊಕದ್ದಮೆಯಲ್ಲಿ ಇದನ್ನು ಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ, ಹೀಗೆ ಮಾಡಿಸಿದ ಮಾಲಿಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು. ಆಗ ಗಾಡಿ ಹೋದರೂ ಸಾಲ ಉಳಿಯುತ್ತದೆ. ಕಂತು ಕಟ್ಟಬೇಕಾದವರು ತಂದೆಯೇ.

ಅಂದದ ಆಸೆಯನ್ನು ನಾವು ಹಳಿಯುವವರಲ್ಲ. ಎತ್ತುಗಳಿಗೆ ಹಿತ್ತಾಳೆಯ ಕೋಡಣಸು ತೊಡಿಸಿ ಹಿಗ್ಗಿದ ಜನ ನಮ್ಮವರೇ. ಅದರಿಂದ ನೊಗದ ಭಾರ ಮಾತ್ರ ಬದಲಾಗುತ್ತಿರಲಿಲ್ಲ. ಕೆಸರಿನ ದಾರಿಗೆ ಆಳವಾದ ಹಲ್ಲುಗಳುಳ್ಳ ಟೈರನ್ನು, ಕಂಪನಿಯವರು ಆ ಗಾಡಿಗೆ ಒಪ್ಪಿದ ಅಳತೆಯಲ್ಲಿಯೂ ಭಾರದ ದರ್ಜೆಯಲ್ಲಿಯೂ ಹಾಕಿಸಲಿ. ತೋಟದ ದಾರಿಯ ಎದ್ದ ಕಲ್ಲುಗಳನ್ನು ಎರಡು ದಿನ ಆಳು ಹಿಡಿದು ಕೀಳಿಸಲಿ. ಇದು ಕಿಟ್ಟಿಗಿಂತ ಅಗ್ಗ.

ಇಷ್ಟಾಗಿಯೂ ಮಗನು ಒಪ್ಪದಿದ್ದರೆ, ಗಾಡಿಗೆ ಮಿತಿಯಷ್ಟು ಅಡಿಕೆಯ ಚೀಲಗಳನ್ನು ಹೇರಿ, ಸಮನೆಲದಲ್ಲಿ ನಿಲ್ಲಿಸಿ, ಅವನನ್ನು ಹತ್ತು ಮಾರು ದೂರಕ್ಕೆ ಕರೆದೊಯ್ದು ಪಕ್ಕದಿಂದ ನೋಡಿಸಲಿ.