ಕೂರಿಸುವುದೇ ಕಷ್ಟದ ಕೆಲಸ

‘ಬೆಳಕಿನ ಚಿಪ್ಪನ್ನು (ವಿದ್ಯುತ್ತಿನ ಬದಲು ಬೆಳಕಿನಿಂದ ಮಾಹಿತಿ ಸಾಗಿಸುವ ಸಿಲಿಕಾನ್ ಚಿಪ್ಪು) ನಾವು ಮಾಡಿಕೊಂಡರೆ ಸಾಕು, ಲೇಸರನ್ನು ಹೊರಗಿನಿಂದ ತರಿಸಿ ಕೂರಿಸಿದರಾಯಿತು’ ಎಂದು ಲೇಖಕರೊಬ್ಬರು ವಾದಿಸಿದ್ದನ್ನು ಓದಿದೆ. ಅವರು ಕೈಬೀಸಿ ದಾಟಿದ ಜಾಗದಲ್ಲೇ ಇಡೀ ತೊಡಕಿದೆ.

ಸಿಲಿಕಾನ್ ಬೆಳಕನ್ನು ಚೆನ್ನಾಗಿ ಸಾಗಿಸುತ್ತದೆ, ಹುಟ್ಟಿಸಲಾರದು. ಎಲೆಕ್ಟ್ರಾನ್‌ಗಳು ಬಿಟ್ಟುಕೊಡುವ ಶಕ್ತಿ ಅದರಲ್ಲಿ ಬಹುಪಾಲು ಶಾಖವಾಗಿ ಹೋಗುತ್ತದೆ. ಲೇಸರಿಗೆ ಇಂಡಿಯಂ ಫಾಸ್ಫೈಡ್‌ನಂಥ ವಸ್ತು ಬೇಕು. ಎರಡರ ಹರಳಿನ ಜಾಲಗಳಿಗೆ ಸುಮಾರು ಶೇ 8ರಷ್ಟು ಅಂತರ. ಒಂದರ ಮೇಲೊಂದನ್ನು ನೇರ ಬೆಳೆಸಿದರೆ ದೋಷಗಳ ರಾಶಿ. ಬಿಡಿ ಲೇಸರ್ ಜೋಡಿಸೋಣವೆಂದರೆ, ಚಿಪ್ಪಿನಲ್ಲಿ ಬೆಳಕು ಹರಿಯುವ ಕಾಲುವೆಯ, ಅಂದರೆ ಸಿಲಿಕಾನ್ ವೇವ್‌ಗೈಡಿನ, ಅಗಲ ಅರ್ಧ ಮೈಕ್ರಾನ್‌ನಷ್ಟು. ಕೂದಲೆಳೆಗಿಂತ ಎಷ್ಟೋ ಕಡಿಮೆ ಸರಿದರೂ ಬೆಳಕು ಪೋಲು. 2006ರಲ್ಲಿ ಇಂಟೆಲ್ ಮತ್ತು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಈ ಎರಡು ವಸ್ತುಗಳನ್ನು ಬೆಸೆದು, ವಿದ್ಯುತ್ತಿನಿಂದ ನಡೆಯುವ ಲೇಸರ್ ತೋರಿಸಿದಾಗ ಅಷ್ಟು ಸುದ್ದಿಯಾದದ್ದು ಇದಕ್ಕೇ.

ಮುಖ್ಯ ಭಾಗಕ್ಕೆ ಹೊರಗಿನವರನ್ನು ನೆಚ್ಚುವುದು ನಮಗೆ ಹೊಸದಲ್ಲ. ಮುಂಬೈಯಲ್ಲಿ ನಮ್ಮ ಪರೇಲಿನ ಸುತ್ತ ಬಟ್ಟೆ ಗಿರಣಿಗಳು ಎದ್ದದ್ದು ಇಂಗ್ಲೆಂಡಿನ ಲ್ಯಾಂಕಾಷೈರ್ ಯಂತ್ರಗಳನ್ನು ನಂಬಿ. ಬಟ್ಟೆ ಇಲ್ಲಿಯದು, ಯಂತ್ರವಿದ್ಯೆ ಅಲ್ಲಿಯದು. ಮತ್ತೆ ಅದೇ ದಾರಿಯೇಕೆ? ಬೆಂಗಳೂರಿನ ಐಐಎಸ್‌ಸಿಯಲ್ಲಿ, ಐಐಟಿ ಮದ್ರಾಸ್‌ನಲ್ಲಿ ಈ ಬೆಳಕಿನ ಚಿಪ್ಪಿನ ವಿದ್ಯೆ, ಸಿಲಿಕಾನ್ ಫೋಟಾನಿಕ್ಸ್, ಬಲ್ಲವರಿದ್ದಾರೆ. ಬೆಸುಗೆಗೆ, ಪ್ಯಾಕೇಜಿಂಗಿಗೆ ಅವರಿಗೆ ಹಣ ಕೊಡಿ. ಲೇಸರಿಗೆ ಕೈಯೊಡ್ಡುತ್ತ ಚಿಪ್ಪಿನ ಸ್ವಾವಲಂಬನೆ ಕೊಚ್ಚಿಕೊಳ್ಳುವುದು ಬೇಡ.

— ಓದುಗ, ಪರೇಲ್, ಮುಂಬೈ